ಯಾವ ಕಾಮಿಕ್ಸ್ ಸೀರೀಸ್ ಓದ್ಬೇಕು, ಯಾವುದು ಬಿಡ್ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಕಾಮಿಕ್ಸ್ ಹಿಡಿದೋರು, ಚಿಕ್ಕೋರಿದ್ದಾಗ ಓದಿ ಬಿಟ್ಟು ಈಗ ವಾಪಸ್ ಬಂದೋರು, ಮಕ್ಕಳಿಗೆ ಏನ್ ಕೊಡಿಸ್ಲಿ ಅನ್ನೋ ಅಪ್ಪ ಅಮ್ಮಂದಿರು, ಎಲ್ರೂ ಸುತ್ತಿ ಬಳಸಿ ಕೇಳೋದು ಒಂದೇ, ಯಾವ ಸೀರೀಸ್‌ಗೆ ಟೈಮು ದುಡ್ಡು ಹಾಕಿದ್ರೆ ಆಮೇಲೆ ಬೇಜಾರಾಗಲ್ಲ ಅಂತ. ಪದೇ ಪದೇ ಬಂದಿರೋ ಪ್ರಶ್ನೆಗಳನ್ನ ಇಲ್ಲಿ ಒಟ್ಟಿಗೆ ಹಾಕಿದೀನಿ. ಕಥೆಯ ಗುಟ್ಟು ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಜಾಸ್ತಿ ಓದೋಕೆ ಟೈಮಿಲ್ಲ, ಚಿಕ್ಕದಾಗಿ ಹೇಳಿ, ಹೇಗೆ ಆರಿಸೋದು?

ಪಾತ್ರದ ಹೆಸರು ನೋಡಿ ತಗೋಬೇಡಿ, ಬರೆದೋರು ಯಾರು ಚಿತ್ರ ಬಿಡಿಸಿದೋರು ಯಾರು ಅಂತ ನೋಡಿ ತಗೊಳ್ಳಿ. ಆಮೇಲೆ ಕಥೆ ಮುಗಿದಿದ್ಯಾ, ಮುಗಿಯೋ ಥರ ಇದ್ಯಾ ಅಂತ ವಿಚಾರಿಸಿ. ಇಷ್ಟೂ ಆದ್ಮೇಲೆ ಮೊದಲ ಹತ್ತು ಹದಿನೈದು ಪುಟ ಅಂಗಡೀಲೇ ನಿಂತು ಇಲ್ಲಾ ಆನ್‌ಲೈನ್ ಸ್ಯಾಂಪಲ್ ತೆಗೆದು ಓದಿ. ಮಿಕ್ಕಿದ್ದೆಲ್ಲ ಈ ಮೂರರ ವಿವರಣೆನೇ.

"ಸ್ಪೈಡರ್‌ಮ್ಯಾನ್ ಚೆನ್ನಾಗಿದ್ಯಾ?" "ಬ್ಯಾಟ್‌ಮ್ಯಾನ್ ಓದ್ಬೋದಾ?" ಅಂತ ಕೇಳಿದ್ರೆ ಯಾರೂ ನೇರವಾಗಿ ಉತ್ತರ ಕೊಡಲ್ವಲ್ಲ, ಯಾಕೆ?

ಯಾಕಂದ್ರೆ ಅದು ಒಂದು ಸೀರೀಸ್ ಅಲ್ಲ. ಬ್ಯಾಟ್‌ಮ್ಯಾನ್ ಬಂದಿದ್ದು 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ, ಅಲ್ಲಿಂದ ಇಲ್ಲೀವರೆಗೆ ಎಷ್ಟೋ ಜನ ಬರೆದಿದ್ದಾರೆ, ಅದ್ರಲ್ಲಿ ಅದ್ಭುತವಾಗಿರೋದೂ ಇದೆ, ಗಡುವಿಗೆ ಪುಟ ತುಂಬಿಸಿದ್ದೂ ಇದೆ. ಪಾತ್ರ ಕಂಪನಿ ಆಸ್ತಿ, ಬರಹಗಾರರು ಬರ್ತಾರೆ ಹೋಗ್ತಾರೆ. ಯಕ್ಷಗಾನದಲ್ಲಿ ಗದಾಪರ್ವ ಅಂತ ಬೋರ್ಡ್ ನೋಡಿದ ತಕ್ಷಣ ಜನ ಹೊರಡಲ್ಲ, ಭಾಗವತಿಕೆ ಯಾರದ್ದು, ಕೌರವ ಯಾರು ಮಾಡ್ತಾರೆ ಅಂತ ವಿಚಾರಿಸ್ಕೊಂಡೇ ಹೋಗೋದು, ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ನೂ ಹಾಗೇ ಓದ್ಬೇಕು. ಒಬ್ಬ ಬರಹಗಾರ ಒಂದು ಸೀರೀಸ್‌ನಲ್ಲಿ ಕೂತು ಬರೆದಷ್ಟು ಕಾಲವನ್ನ ರನ್ ಅಂತಾರೆ, ನೀವು ಆರಿಸಬೇಕಾಗಿರೋದು ಆ ರನ್‌ನ.

ಇದಕ್ಕೆ ನನಗೆ ಸಿಕ್ಕಿರೋ ಅತಿ ಒಳ್ಳೆ ಉದಾಹರಣೆ ಸ್ವಾಂಪ್ ಥಿಂಗ್. 1971ರಲ್ಲಿ ಲೆನ್ ವೈನ್ ಮತ್ತೆ ಬರ್ನಿ ರೈಟ್‌ಸನ್ ಸೃಷ್ಟಿ ಮಾಡಿದ್ದು, ಜೌಗು ನೆಲದಲ್ಲಿ ಓಡಾಡೋ ಒಂದು ಜೀವಿ. 80ರ ದಶಕದಲ್ಲಿ ಮತ್ತೆ ಶುರು ಮಾಡಿದಾಗ ಅಷ್ಟೇನೂ ನಡೀತಿರ್ಲಿಲ್ಲ. ಅಂಥ ಸೀರೀಸ್‌ನ 20ನೇ ಸಂಚಿಕೆಯಿಂದ ಅಲನ್ ಮೂರ್ ಅನ್ನೋ ಇಂಗ್ಲಿಷ್ ಬರಹಗಾರನ ಕೈಗೆ ಕೊಟ್ರು, 1984ರ ಶುರುವಿನಲ್ಲಿ. 21ನೇ ಸಂಚಿಕೆಯಲ್ಲೇ ಆತ ಆ ಪಾತ್ರ ನಿಜವಾಗಿ ಏನು ಅನ್ನೋದನ್ನೇ ಬುಡಮೇಲು ಮಾಡಿಬಿಟ್ರು, ಸ್ಟೀವ್ ಬಿಸೆಟ್ ಮತ್ತೆ ಜಾನ್ ಟೋಟಲ್‌ಬೆನ್ ಚಿತ್ರ, ಪುಟ ತಿರುಗಿಸಿದ್ರೆ ಎಲೆ ಬೇರು ಬಳ್ಳಿ ಎಲ್ಲಾ ಉಸಿರಾಡ್ತಿದೆ ಅನ್ನಿಸುತ್ತೆ. ಅದೇ ಹೆಸರು, ಅದೇ ಹಸಿರು ಮೈ, ಆದ್ರೆ 19ನೇ ಸಂಚಿಕೆಗೂ 21ನೇ ಸಂಚಿಕೆಗೂ ಹೋಲಿಕೆನೇ ಇಲ್ಲ. ಡೇರ್‌ಡೆವಿಲ್ ಕಥೆನೂ ಹಾಗೇ, ಫ್ರ್ಯಾಂಕ್ ಮಿಲ್ಲರ್ 1979ರಲ್ಲಿ 158ನೇ ಸಂಚಿಕೆಗೆ ಬರೀ ಚಿತ್ರ ಬಿಡಿಸೋಕೆ ಬಂದೋರು, 168ರಿಂದ ಬರೆಯೋಕೂ ಶುರು ಮಾಡಿದ್ರು, ಆ ಸಂಚಿಕೆಯಲ್ಲೇ ಎಲೆಕ್ಟ್ರಾ ಅನ್ನೋ ಪಾತ್ರ ಮೊದಲು ಬಂದಿದ್ದು. ಹಾಗಾಗಿ ಯಾರಾದ್ರೂ "ಡೇರ್‌ಡೆವಿಲ್ ಓದು" ಅಂದ್ರೆ "ಯಾರು ಬರೆದಿದ್ದು" ಅಂತ ತಿರುಗಿ ಕೇಳಿ, ಅಲ್ಲೇ ಅರ್ಧ ಕೆಲಸ ಆಯ್ತು.

ಒಂದನೇ ಸಂಚಿಕೆಯಿಂದಲೇ ಓದ್ಬೇಕಲ್ವಾ?

ಸೂಪರ್‌ಹೀರೋ ಆದ್ರೆ ಬೇಡ. ಅಮೇಜಿಂಗ್ ಸ್ಪೈಡರ್‌ಮ್ಯಾನ್‌ಗೆ 1963ರಲ್ಲಿ ಒಂದು ನಂಬರ್ ಒನ್ ಇದೆ, ಆಮೇಲೆ 1999, 2014, 2015, 2018, 2022 ಅಂತ ಮತ್ತೆ ಮತ್ತೆ ನಂಬರ್ ಒನ್ ಬಂದಿದೆ. ಒಂದನೇ ನಂಬರ್ ಅಂದ್ರೆ ಅಂಗಡಿಗಳು ಜಾಸ್ತಿ ಆರ್ಡರ್ ಹಾಕ್ತವೆ, ಕೊಳ್ಳೋರು ಜಾಸ್ತಿ, ಅದಕ್ಕೇ ಹೀಗೆ. ಬ್ಯಾಟ್‌ಮ್ಯಾನ್ ಪ್ರಕಟಿಸೋ ಡಿಸಿ ಕಂಪನಿ ಅಂತೂ 2011ರ ಸೆಪ್ಟೆಂಬರ್‌ನಲ್ಲಿ ಒಟ್ಟಿಗೆ 52 ಸೀರೀಸ್‌ನ ಒಂದರಿಂದ ಶುರು ಮಾಡ್ತು. ಅಂದ್ರೆ ಕವರ್ ಮೇಲಿರೋ ನಂಬರ್ ನೋಡಿ ಏನೂ ತಿಳಿಯಲ್ಲ. ಹಿಂದಿನ ಇತಿಹಾಸ ಎಲ್ಲಾ ಗೊತ್ತಿರ್ಬೇಕು ಅನ್ನೋ ಹೆದರಿಕೆ ಬಿಟ್ಬಿಡಿ, ಒಳ್ಳೆ ಬರಹಗಾರರು ಹೊಸಬರಿಗೆ ಬೇಕಾದಷ್ಟನ್ನ ಕಥೆಯೊಳಗೇ ಹೇಳ್ಕೊಂಡು ಹೋಗ್ತಾರೆ. ಬ್ಯಾಟ್‌ಮ್ಯಾನ್ ಬೇಕಂದ್ರೆ 1987ರ ಇಯರ್ ಒನ್ ತಗೊಳ್ಳಿ, ಮಿಲ್ಲರ್ ಬರೆದು ಡೇವಿಡ್ ಮಜ್ಜುಕೆಲ್ಲಿ ಬಿಡಿಸಿದ್ದು, ನಾಲ್ಕೇ ಸಂಚಿಕೆ, ಹಿಂದೆ ಮುಂದೆ ಏನೂ ಗೊತ್ತಿಲ್ದೆ ಓದ್ಬೋದು.

ಮಾಂಗಾ, ಅಂದ್ರೆ ಜಪಾನಿನ ಕಾಮಿಕ್ಸ್ ಆದ್ರೆ, ಯುರೋಪಿನ ಒಬ್ಬರೇ ಬರೆದ ಉದ್ದ ಕಥೆ ಆದ್ರೆ, ಹೌದು, ಒಂದರಿಂದಲೇ ಓದಿ. ಅಲ್ಲಿ ಒಂದೇ ಕಥೆ, ಮಧ್ಯ ಹೊಕ್ಕಿದ್ರೆ ತಲೆ ಬುಡ ಗೊತ್ತಾಗಲ್ಲ.

ಎಷ್ಟು ಓದಿದ್ಮೇಲೆ ಬಿಡ್ಬೋದು? ಮೂರು ವಾಲ್ಯೂಮ್ ಓದಿ ಅಂತಾರೆ, ಹತ್ತು ಓದಿ ಅಂತಾರೆ...

ಇದು ಸೀರೀಸ್ ಯಾವ ವ್ಯವಸ್ಥೆಯಿಂದ ಬಂತು ಅನ್ನೋದರ ಮೇಲಿದೆ, ಇದನ್ನ ತಿಳ್ಕೊಂಡ್ರೆ ತುಂಬಾ ಟೈಮ್ ಉಳಿಯುತ್ತೆ.

ಜಪಾನಿನ ವಾರಪತ್ರಿಕೆ ಮಾಂಗಾ, ಅಂದ್ರೆ ಶೋನೆನ್ ಜಂಪ್ ಥರದ್ದು, ಓದುಗರು ಕಳಿಸೋ ಓಟಿನ ಮೇಲೆ ನಡೆಯುತ್ತೆ. ಓಟು ಬೀಳ್ಲಿಲ್ಲ ಅಂದ್ರೆ ಎರಡು ಮೂರು ವಾಲ್ಯೂಮ್ ಆಗೋಷ್ಟರಲ್ಲಿ ಕಥೆ ನಿಲ್ಲಿಸಿಬಿಡ್ತಾರೆ. ಹಾಗಾಗಿ ಅಲ್ಲಿ ಬದುಕಿ ಉಳಿದಿರೋ ಸೀರೀಸ್ ಸಾಮಾನ್ಯವಾಗಿ ಶುರುವಿನಲ್ಲೇ ಕೈ ಹಿಡ್ಕೊಳ್ಳುತ್ತೆ, ಎರಡು ವಾಲ್ಯೂಮ್ ಓದಿಯೂ ಏನೂ ಅನ್ನಿಸ್ಲಿಲ್ಲ ಅಂದ್ರೆ ಬಿಡಿ. ಆದ್ರೆ ಇದೇ ಕಾರಣಕ್ಕೆ ಗೆದ್ದ ಸೀರೀಸ್‌ನ ನಿಲ್ಸೋಕೂ ಬಿಡಲ್ಲ, ಎಳೀತಾರೆ. ಡೆತ್ ನೋಟ್ ಬರೀ 12 ವಾಲ್ಯೂಮ್, ಅದ್ರಲ್ಲೂ 7 ಆದ್ಮೇಲೆ ಬಿಗಿ ಸಡಿಲ ಆಗುತ್ತೆ, ನನ್ನ ಪ್ರಕಾರ 7ಕ್ಕೆ ನಿಲ್ಲಿಸಿದ್ರೂ ಅದು ಪೂರ್ತಿ ಓದಿದ ತೃಪ್ತಿ ಕೊಡುತ್ತೆ.

ವನ್ ಪೀಸ್ ಬೇರೆ ಲೆಕ್ಕ. 1997ರಿಂದ ಎಯಿಚಿರೋ ಓಡಾ ಒಬ್ಬರೇ ಬರೆದು ಬಿಡಿಸ್ತಿದ್ದಾರೆ, 2021ರಲ್ಲೇ 100 ವಾಲ್ಯೂಮ್ ದಾಟಿತ್ತು, ಆ ಸಂಖ್ಯೆ ನೋಡಿನೇ ಜನ ಓಡಿಹೋಗ್ತಾರೆ. ನಾನು ಹೇಳೋದು, ನೂರರ ಲೆಕ್ಕ ಮರೀರಿ, 11ನೇ ವಾಲ್ಯೂಮ್ ಹೊತ್ತಿಗೆ ಅರ್ಲಾಂಗ್ ಪಾರ್ಕ್ ಭಾಗ ಮುಗಿಯುತ್ತೆ, ಅಲ್ಲೀವರೆಗೆ ಒಂದು ಕಾದಂಬರಿ ಅಂದ್ಕೊಂಡು ಓದಿ. ಆ ಭಾಗದಲ್ಲಿ ನಾಮಿ ಲೂಫಿ ಹತ್ರ ಸಹಾಯ ಕೇಳೋ ಒಂದು ಪುಟ ಇದೆ, ಅದು ನಿಮ್ಮನ್ನ ಏನೂ ಮಾಡ್ಲಿಲ್ಲ ಅಂದ್ರೆ ವನ್ ಪೀಸ್ ನಿಮಗಲ್ಲ, ನಿಶ್ಚಿಂತೆಯಿಂದ ಬಿಡಿ.

ಅಮೆರಿಕದ ತಿಂಗಳ ಕಾಮಿಕ್ಸ್‌ಗೆ ಒಂದು ಟ್ರೇಡ್, ಅಂದ್ರೆ ಐದಾರು ಸಂಚಿಕೆ ಸೇರಿಸಿ ಬೈಂಡ್ ಮಾಡಿರೋ ಪುಸ್ತಕ, ಅದು ಸಾಕು. ಫ್ರೆಂಚ್ ಆಲ್ಬಮ್‌ಗಳಿಗೆ, ಅಂದ್ರೆ ಟಿನ್‌ಟಿನ್, ಆಸ್ಟೆರಿಕ್ಸ್ ಥರ ಒಂದೊಂದು ಪುಸ್ತಕವಾಗಿ ಬರೋ ಕಥೆಗಳಿಗೆ, ಒಂದು ಆಲ್ಬಮ್, ಆದ್ರೆ ಯಾವ ಆಲ್ಬಮ್ ಅನ್ನೋದು ಮುಖ್ಯ, ಅದನ್ನ ಕೆಳಗೆ ಹೇಳಿದೀನಿ.

ನಿಯಮ ಮುರಿಯೋ ಒಂದು ಸೀರೀಸ್ ಬರ್ಸರ್ಕ್. ಮೊದಲ ಎರಡು ಮೂರು ವಾಲ್ಯೂಮ್ ಬರೀ ರಕ್ತ, ಕ್ರೌರ್ಯ, ಸಿಟ್ಟು. ಆಮೇಲೆ ಕಥೆ ಹಿಂದಕ್ಕೆ ಹೋಗಿ ಗಟ್ಸ್ ಮತ್ತೆ ಗ್ರಿಫಿತ್‌ರ ಸ್ನೇಹ ಹೇಳೋಕೆ ಶುರು ಮಾಡಿದಾಗಲೇ ಆ ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತಾಗೋದು. ಇದಕ್ಕೆ ಐದಾರು ವಾಲ್ಯೂಮ್ ಕೊಡಿ. ದೊಡ್ಡೋರಿಗೆ ಮಾತ್ರ, ಅದ್ರಲ್ಲೂ ಹಿಂಸೆ ಲೈಂಗಿಕ ದೌರ್ಜನ್ಯ ಓದೋಕೆ ಆಗಲ್ಲ ಅನ್ನೋರು ದೂರ ಇರಿ.

ಇಷ್ಟು ದುಡ್ಡು ಕೊಟ್ಟು ತಗೊಂಡಿದೀನಿ, ಅರ್ಧ ಓದಿದೀನಿ, ಬಿಡೋಕೆ ಮನಸ್ಸಾಗ್ತಿಲ್ಲ.

ಹೋದ ದುಡ್ಡು ಹೋಯ್ತು, ಇನ್ನು ಇಪ್ಪತ್ತು ಪುಸ್ತಕ ಓದಿದ್ರೆ ಅದು ವಾಪಸ್ ಬರಲ್ಲ. ಬೇರೆಯವರಿಗೆ ಕೊಡಿ, ಅವರಿಗೆ ಹಿಡಿಸ್ಬೋದು.

ಮುಗಿಯದೇ ಇರೋ ಸೀರೀಸ್ ಶುರು ಮಾಡ್ಬೋದಾ?

ನನಗೆ ಅತಿ ಕಷ್ಟದ ಪ್ರಶ್ನೆ ಇದು. ತಕೆಹಿಕೋ ಇನೋಯುಯೆ ಬಿಡಿಸಿದ ವ್ಯಾಗಬಾಂಡ್ 37 ವಾಲ್ಯೂಮ್‌ಗೆ ಬಂದು 2015ರಿಂದ ನಿಂತಿದೆ. ಆದ್ರೂ ಓದಿ ಅಂತೀನಿ, ಯಾಕಂದ್ರೆ ಅದ್ರಲ್ಲಿ ಒಬ್ಬ ಕತ್ತಿವೀರ ಬರ್ತಾ ಬರ್ತಾ ಮನುಷ್ಯ ಆಗೋದನ್ನ ಕುಂಚದಲ್ಲಿ ತೋರಿಸಿದಾರೆ, ಕೊನೆ ಸಿಗದಿದ್ರೂ ದಾರಿಯಲ್ಲೇ ಕೊಡಬೇಕಾದ್ದೆಲ್ಲ ಕೊಟ್ಟುಬಿಡುತ್ತೆ. ಬರ್ಸರ್ಕ್‌ನ ಕೆಂಟಾರೋ ಮಿಯುರಾ 2021ರ ಮೇ ತಿಂಗಳಲ್ಲಿ ತೀರಿಕೊಂಡ್ರು, ವಯಸ್ಸು 54. ಅವರ ಸ್ನೇಹಿತ ಕೋಜಿ ಮೋರಿಗೆ ಮಿಯುರಾ ಒಮ್ಮೆ ಕಥೆ ಕೊನೆವರೆಗೂ ಹೇಳಿದ್ರಂತೆ, ಆ ನೆನಪಿನ ಮೇಲೆ ಮಿಯುರಾ ಸ್ಟುಡಿಯೋದ ಶಿಷ್ಯರು 2022ರಿಂದ ಮುಂದುವರಿಸ್ತಿದ್ದಾರೆ. ಹಂಟರ್ ಹಂಟರ್ ಬರೆಯೋ ಯೋಶಿಹಿರೋ ತೊಗಾಶಿಗೆ ಬೆನ್ನುನೋವು, ವರ್ಷಗಟ್ಲೆ ನಿಲ್ಲುತ್ತೆ, ಮತ್ತೆ ಕೆಲವು ಅಧ್ಯಾಯ ಬರುತ್ತೆ. ವಾರ ವಾರ ಸುಮಾರು 19 ಪುಟ ಬಿಡಿಸೋ ಕೆಲಸ ಮೈ ಮುರಿಯುತ್ತೆ, ಅದನ್ನ ಯೋಚಿಸಿ ಆಮೇಲೆ ಆ ಕಲಾವಿದರನ್ನ ಸೋಮಾರಿ ಅಂತ ಬೈಯ್ಯೋದು ನಿಲ್ಸಿ, ದಯವಿಟ್ಟು.

ಕೊನೆ ಸಿಗ್ಲೇಬೇಕು, ಇಲ್ಲಾಂದ್ರೆ ನಿದ್ದೆ ಬರಲ್ಲ ಅನ್ನೋ ಸ್ವಭಾವ ನಿಮ್ಮದಾದ್ರೆ ಮುಗಿದಿರೋದನ್ನೇ ತಗೊಳ್ಳಿ, ಅದ್ರಲ್ಲಿ ತಪ್ಪೇನಿಲ್ಲ.

ಹಾಗಾದ್ರೆ ಪೂರ್ತಿ ಮುಗಿದಿರೋ, ಒಳ್ಳೆ ಕೊನೆ ಇರೋದು ಹೇಳಿ.

ಫುಲ್‌ಮೆಟಲ್ ಆಲ್ಕೆಮಿಸ್ಟ್, ಹಿರೋಮು ಅರಕಾವಾ, 2001ರಿಂದ 2010, 27 ವಾಲ್ಯೂಮ್. ಶುರುವಿನಲ್ಲಿ ಹಾಕಿದ ಪ್ರತಿ ಬೀಜಕ್ಕೂ ಕೊನೆಯಲ್ಲಿ ಲೆಕ್ಕ ಸಿಗುತ್ತೆ, ಯಾವ ಚಿಕ್ಕ ಪಾತ್ರನೂ ಸುಮ್ಮನೆ ಬಂದು ಹೋಗಿಲ್ಲ. ಮಾಂಗಾ ಒಂದೇ ಒಂದು ಓದೋದು ಅಂದ್ರೆ ನಾನು ಕೊಡೋದು ಇದನ್ನೇ.

ನವೋಕಿ ಉರಸಾವಾ ಅವರ ಮಾನ್‌ಸ್ಟರ್ 18 ವಾಲ್ಯೂಮ್, ತಾನು ಜೀವ ಉಳಿಸಿದ ಹುಡುಗನೇ ಕೊಲೆಗಾರ ಅಂತ ಗೊತ್ತಾದ ಡಾಕ್ಟ್ರು ಜರ್ಮನಿ ಎಲ್ಲಾ ಅಲೆಯೋ ಕಥೆ, ಪತ್ತೇದಾರಿ ಓದೋ ಅಭ್ಯಾಸ ಇರೋರಿಗೆ ಹೇಳಿ ಮಾಡ್ಸಿದ್ದು. ಅಷ್ಟು ಉದ್ದ ಬೇಡ ಅಂದ್ರೆ ಅವರದ್ದೇ ಪ್ಲೂಟೋ, 8 ವಾಲ್ಯೂಮ್. ಜೆಫ್ ಸ್ಮಿತ್ ಅವರ ಬೋನ್, 1991ರಿಂದ 2004ರವರೆಗೆ 55 ಸಂಚಿಕೆ, ನಗಿಸ್ತಾ ನಗಿಸ್ತಾ ದೊಡ್ಡ ಪುರಾಣ ಆಗುತ್ತೆ, ಮನೇಲಿ ಎಲ್ರೂ ಓದ್ಬೋದು. ವೈ ದಿ ಲಾಸ್ಟ್ ಮ್ಯಾನ್ 60 ಸಂಚಿಕೆಗೆ ಸರಿಯಾಗಿ ಮುಗಿಯುತ್ತೆ. ಒಸಾಮು ತೆಜುಕಾ ಬರೆದ ಬುದ್ಧ ಇಂಗ್ಲಿಷಲ್ಲಿ 8 ಪುಸ್ತಕ, ನಮ್ಮ ನಾಡಿನ ಕಥೆನೇ, ಆದ್ರೆ ನಾವು ಓದಿರೋ ಥರ ಅಲ್ಲ, ಬುದ್ಧನ ಸುತ್ತ ಕಳ್ಳರು ಗುಲಾಮರು ಅನಾಥ ಮಕ್ಕಳು, ನಡುವೆ ಹಾಸ್ಯ. ಕೆಲವರಿಗೆ ಆ ಹಾಸ್ಯ ಒಗ್ಗಲ್ಲ. ನನಗೆ ತುಂಬಾ ಒಗ್ಗಿದೆ.

ಚಿತ್ರ ಸೂಪರ್ ಆಗಿದ್ರೆ ಸಾಲ್ದಾ?

ಸೂಪರ್ ಅಂದ್ರೆ ಏನು ಅನ್ನೋದನ್ನ ಸ್ವಲ್ಪ ತಿದ್ದಿಕೊಳ್ಬೇಕು. ಒಂದೊಂದು ಪುಟಾನೂ ಫ್ರೇಮ್ ಹಾಕಿಸೋ ಹಾಗಿದ್ದು ಕಥೆ ಮಾತ್ರ ಮುಂದೆ ಹೋಗದ ಕಾಮಿಕ್ಸ್ ಬೇಕಾದಷ್ಟಿದೆ. ಕಾಮಿಕ್ಸಲ್ಲಿ ಚಿತ್ರದ ಕೆಲಸ ಕಣ್ಣನ್ನ ಮುಂದಿನ ಚೌಕಕ್ಕೆ ಕರ್ಕೊಂಡು ಹೋಗೋದು. ಒಂದು ಪರೀಕ್ಷೆ ಹೇಳ್ತೀನಿ, ಯಾವುದಾದ್ರೂ ಪುಟ ತೆಗೀರಿ, ಮಾತಿನ ಗುಳ್ಳೆಗಳನ್ನ ಓದ್ಬೇಡಿ, ಬರೀ ಚಿತ್ರ ನೋಡಿ. ಯಾರು ಎಲ್ಲಿದಾರೆ, ಯಾರಿಗೆ ಸಿಟ್ಟು ಬಂದಿದೆ, ಏನಾಯ್ತು ಅಂತ ಗೊತ್ತಾಗುತ್ತಾ? ಗೊತ್ತಾದ್ರೆ ಕಲಾವಿದರಿಗೆ ಕೆಲಸ ಬರುತ್ತೆ ಅಂತ ಅರ್ಥ. ಹೊಡೆದಾಟದ ಪುಟದಲ್ಲಿ ಇದನ್ನ ಮಾಡಿ ನೋಡಿ, ಎಷ್ಟೋ ದೊಡ್ಡ ಹೆಸರಿನ ಸೀರೀಸ್‌ಗಳು ಇಲ್ಲೇ ಫೇಲಾಗ್ತವೆ.

ಇದ್ರ ಇನ್ನೊಂದು ತುದಿ ನೋಡ್ಬೇಕಂದ್ರೆ ಸ್ಲ್ಯಾಮ್ ಡಂಕ್. ಇನೋಯುಯೆ ಅವರದ್ದೇ, ಬ್ಯಾಸ್ಕೆಟ್‌ಬಾಲ್ ಕಥೆ, 1990ರಿಂದ 1996, 31 ವಾಲ್ಯೂಮ್. ಕೊನೇ ಮ್ಯಾಚಿನ ಕಡೇ ಕ್ಷಣಗಳಲ್ಲಿ ಮಾತು ಪೂರ್ತಿ ನಿಂತುಹೋಗುತ್ತೆ, ಕೂಗಿಲ್ಲ, ಸದ್ದಿನ ಅಕ್ಷರಾನೂ ಇಲ್ಲ, ಬರೀ ಕೈ, ಚೆಂಡು, ಗಡಿಯಾರ, ಮುಖ. ಬ್ಯಾಸ್ಕೆಟ್‌ಬಾಲ್ ನಿಯಮ ಒಂದೂ ಗೊತ್ತಿಲ್ದೇ ಇದ್ರೂ ಉಸಿರು ಬಿಗಿ ಹಿಡಿದು ಓದ್ತೀರ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಕಾಮಿಕ್ಸ್ ಓದ್ಬೋದಾ?

ಖಂಡಿತ. ಶಾನ್ ಟ್ಯಾನ್ ಅವರ ದಿ ಅರೈವಲ್, 2006ರದ್ದು, ಗುರುತೇ ಇಲ್ಲದ ಊರಿಗೆ ದುಡಿಯೋಕೆ ಹೋದ ಒಬ್ಬ ಅಪ್ಪನ ಕಥೆ, ಇಡೀ ಪುಸ್ತಕದಲ್ಲಿ ಓದೋಕೆ ಒಂದು ವಾಕ್ಯಾನೂ ಇಲ್ಲ. ಊರು ಬಿಟ್ಟು ಬೆಂಗಳೂರಿಗೋ ದುಬೈಗೋ ಹೋಗಿ ಮೊದಲ ದಿನ ಬಸ್ಸಿನ ಬೋರ್ಡ್ ಓದೋಕಾಗದೆ ನಿಂತಿರೋ ಯಾರಿಗಾದ್ರೂ ಅರ್ಥ ಆಗುತ್ತೆ. ಸೀರೀಸೇ ಬೇಕಂದ್ರೆ ಯೋತ್ಸುಬಾ ತಗೊಳ್ಳಿ, ಐದು ವರ್ಷದ ಹುಡುಗಿಯ ದಿನಗಳು, ಮಾತು ಚಿಕ್ಕ ಚಿಕ್ಕದು. ಕಾಮಿಕ್ಸ್ ಓದ್ತಾ ಇಂಗ್ಲಿಷ್ ಸುಧಾರಿಸಿಕೊಂಡೋರು ನಮ್ಮಲ್ಲಿ ಎಷ್ಟೋ ಜನ ಇದಾರೆ.

ಟಿನ್‌ಟಿನ್, ಆಸ್ಟೆರಿಕ್ಸ್ ಎಲ್ಲಾ ಹಳೇದಾಯ್ತಲ್ಲ, ಈಗ್ಲೂ ಓದ್ಬೇಕಾ?

ಓದ್ಬೇಕು, ಆದ್ರೆ ಆರಿಸಿ ಓದ್ಬೇಕು.

ಟಿನ್‌ಟಿನ್ 1929ರ ಜನವರಿಯಲ್ಲಿ ಬೆಲ್ಜಿಯಂನ ಒಂದು ಪತ್ರಿಕೆಯ ಮಕ್ಕಳ ಪುರವಣಿಯಲ್ಲಿ ಶುರುವಾಯ್ತು. ಅದನ್ನ ಬರೆದು ಬಿಡಿಸಿದೋರು ಹರ್ಜೆ, ಮೊದಲ ಕೆಲವು ಕಥೆಗಳು ಕೈ ಇನ್ನೂ ಪಳಗದ ಹರ್ಜೆಯದ್ದು, ಕಾಂಗೋ ಕಥೆಯಲ್ಲಿ ಆಫ್ರಿಕನ್ನರನ್ನ ತೋರಿಸಿರೋ ರೀತಿ ಈಗ ನೋಡಿದ್ರೆ ಅಸಹ್ಯ ಆಗುತ್ತೆ, ವಸಾಹತು ಕಾಲದ ದುರಹಂಕಾರ ಪುಟ ಪುಟದಲ್ಲೂ ಇದೆ. ಮಗುವಿನ ಕೈಗೆ ಅದನ್ನ ಮೊದಲು ಕೊಡ್ಬೇಡಿ. ಬ್ಲೂ ಲೋಟಸ್ ಬರೆಯೋ ಹೊತ್ತಿಗೆ ಚಾಂಗ್ ಅನ್ನೋ ಚೀನೀ ವಿದ್ಯಾರ್ಥಿಯ ಸ್ನೇಹ ಆಯ್ತು, ಒಂದು ದೇಶದ ಬಗ್ಗೆ ಬರೆಯೋಕೆ ಮುಂಚೆ ಆ ದೇಶನ ತಿಳ್ಕೋಬೇಕು ಅನ್ನೋದು ಹರ್ಜೆಗೆ ಅಲ್ಲಿಂದ ಬಂತು, ಸೀರೀಸ್ ನಿಜವಾಗಿ ಅಲ್ಲಿಂದಲೇ ಎದ್ದು ನಿಂತಿದ್ದು. ಅದೇ ಸ್ನೇಹಿತನ ಹೆಸರಿನ ಹುಡುಗನ್ನ ಹುಡುಕ್ಕೊಂಡು ಹೋಗೋ ಕಥೆನೇ ಮುಂದೆ ಬಂದ ಟಿನ್‌ಟಿನ್ ಇನ್ ಟಿಬೆಟ್, ಅದ್ರಲ್ಲಿ ವಿಲನ್ನೇ ಇಲ್ಲ. ಶುರು ಮಾಡೋಕೆ ಯೂನಿಕಾರ್ನ್ ಮತ್ತೆ ರೆಡ್ ರ‍್ಯಾಕಮ್ ಅನ್ನೋ ಜೋಡಿ ಆಲ್ಬಮ್ ತಗೊಳ್ಳಿ, ಕ್ಯಾಪ್ಟನ್ ಹ್ಯಾಡಾಕ್ ಪೂರ್ತಿ ಅರಳೋದು ಅಲ್ಲಿ, ಪ್ರೊಫೆಸರ್ ಕ್ಯಾಲ್ಕುಲಸ್ ಮೊದಲು ಬರೋದೂ ಅಲ್ಲೇ.

ಆಸ್ಟೆರಿಕ್ಸ್‌ದು ನಾನು ಮೇಲೆ ಹೇಳಿದ "ಯಾರು ಬರೆದಿದ್ದು" ಮಾತಿಗೆ ಇನ್ನೊಂದು ಸಾಕ್ಷಿ. 1959ರಿಂದ ರೆನೆ ಗೊಸಿನ್ನಿ ಬರೆದ್ರು, ಆಲ್ಬೆರ್ ಯುಡೆರ್ಜೊ ಬಿಡಿಸಿದ್ರು. 1977ರಲ್ಲಿ ಗೊಸಿನ್ನಿ ತೀರಿಕೊಂಡ್ರು. 24 ಆಲ್ಬಮ್‌ಗಳು ಗೊಸಿನ್ನಿ ಬರೆದಿದ್ದು, ಬೆಲ್ಜಿಯಂಗೆ ಹೋಗೋ ಕಥೆನೇ ಕೊನೇದು. ಆಮೇಲಿನದು ಯುಡೆರ್ಜೊ ಒಬ್ಬರೇ ಬರೆದು ಬಿಡಿಸಿದ್ದು, ಚಿತ್ರ ಮೊದಲಿನಷ್ಟೇ ಚಂದ, ಆದ್ರೆ ಮಾತಿನ ಮೊನೆ ಇಲ್ಲ. 2013ರಿಂದ ಹೊಸಬರು ಮಾಡ್ತಿದ್ದಾರೆ. ಹಾಗಾಗಿ ಪುಸ್ತಕ ಎತ್ತಿಕೊಂಡಾಗ ಬರೆದೋರು ಗೊಸಿನ್ನಿನಾ ಅಂತ ನೋಡಿ. ಕ್ಲಿಯೋಪಾತ್ರ, ಬ್ರಿಟನ್, ಮ್ಯಾನ್ಶನ್ಸ್ ಆಫ್ ದಿ ಗಾಡ್ಸ್, ಈ ಮೂರರಲ್ಲಿ ಯಾವುದಾದ್ರೂ ಸರಿ. ಕಾಡು ಕಡಿದು ಅಪಾರ್ಟ್‌ಮೆಂಟ್ ಕಟ್ಟಿ ಊರನ್ನ ನುಂಗೋಕೆ ಸೀಸರ್ ಹಾಕೋ ಪ್ಲಾನು ಮೂರನೇದ್ರ ಕಥೆ, 1971ರ ಆಲ್ಬಮ್, ಬೆಂಗಳೂರಿನ ಸುತ್ತಮುತ್ತ ಊರಿನೋರು ಓದಿದ್ರೆ ನಗುನೂ ಬರುತ್ತೆ ಹೊಟ್ಟೆನೂ ಉರಿಯುತ್ತೆ.

ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ ನಿಜವಾಗ್ಲೂ ಚೆನ್ನಾಗಿತ್ತಾ, ಇಲ್ಲಾ ಬಾಲ್ಯದ ನೆನಪು ಅಷ್ಟೇನಾ?

ಎರಡೂ. ಬಿಡಿಸಿ ನೋಡ್ಬೇಕು.

ಇಂದ್ರಜಾಲ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು, ಕನ್ನಡದಲ್ಲೂ ಬರ್ತಿತ್ತು. ಫ್ಯಾಂಟಮ್ ಅಮೆರಿಕದ ಲೀ ಫಾಕ್ 1936ರಲ್ಲಿ ಶುರು ಮಾಡಿದ್ದು, ಅವನ ಕಾಡಿನ ದೇಶದ ಹೆಸರನ್ನ ನಮ್ಮಲ್ಲಿ ಡೆಂಕಾಲಿ ಅಂತ ಮಾಡಿದ್ರು, ಪುಟಕ್ಕೆ ಹೊಂದಿಸೋಕೆ ಕಥೆ ಕತ್ತರಿಸಿದ್ದೂ ಉಂಟು. ಕಾಡಿನ ಜನರನ್ನ ಕಾಯೋಕೆ ತಲೆತಲಾಂತರದಿಂದ ಒಬ್ಬ ಬಿಳಿ ಮನುಷ್ಯ ಬೇಕು ಅನ್ನೋ ಮೂಲ ಕಲ್ಪನೆ ಇದ್ಯಲ್ಲ, ದೊಡ್ಡೋರಾದ್ಮೇಲೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಆದ್ರೆ ಸೈ ಬ್ಯಾರಿ ಬಿಡಿಸಿದ 60, 70ರ ದಶಕದ ಕಥೆಗಳಲ್ಲಿ ರೇಖೆಯ ಖಚಿತತೆ, ಕಥೆ ಹೇಳೋ ವೇಗ ಇವತ್ತಿಗೂ ಕಲಿಯೋ ಹಾಗಿದೆ. ನಾನು ಈಗ ಹುಡುಕಿ ಓದಿ ಅನ್ನೋದು ಬಹಾದೂರ್, 1976ರಲ್ಲಿ ಆಬಿದ್ ಸೂರ್ತಿ ಸೃಷ್ಟಿ ಮಾಡಿದ್ದು, ಜೀನ್ಸ್ ಮೇಲೆ ಕುರ್ತಾ ಹಾಕಿ ಡಕಾಯಿತರ ವಿರುದ್ಧ ಊರವರನ್ನೇ ಸಂಘಟಿಸೋನು. ಮುಖವಾಡ ಇಲ್ಲ, ಮಂತ್ರ ಇಲ್ಲ, ನಮ್ಮ ಮಣ್ಣಿನವನು.

ಅಮರ ಚಿತ್ರ ಕಥೆಯಲ್ಲಿ ನಮ್ಮ ಪಾಲು ದೊಡ್ಡದು. ಸಂಪಾದಕ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಇಂಗ್ಲಿಷಲ್ಲಿ ಬರೋಕೆ ಮುಂಚೆ 1965ರಲ್ಲೇ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಈ ಮಾಲೆ ಕನ್ನಡದಲ್ಲಿ ಶುರುವಾಗಿತ್ತು, ಮೊದಲ ಹತ್ತು ಪುಸ್ತಕ ಹೊರದೇಶದ ಮಕ್ಕಳ ಕಥೆಗಳು, ಅದಕ್ಕೇ ಇಂಗ್ಲಿಷಿನ ಮೊದಲ ಪುಸ್ತಕ ಕೃಷ್ಣನಿಗೆ 11ನೇ ನಂಬರ್. ಇನ್ನು ಗುಣಮಟ್ಟ ಅಂದ್ರೆ ಎಲ್ಲವೂ ಒಂದೇ ಅಲ್ಲ. ರಾಮ್ ವೈರ್‌ಕರ್, ಪ್ರತಾಪ್ ಮುಳಿಕ್ ಬಿಡಿಸಿದ್ದನ್ನ ಹುಡುಕಿ ತಗೊಳ್ಳಿ. ಆದ್ರೆ ರಾಕ್ಷಸರೆಲ್ಲ ಕಪ್ಪು, ನಾಯಕರೆಲ್ಲ ಬಿಳಿ ಅಂತ ಬಿಡಿಸಿದ್ರ ಬಗ್ಗೆ ವಿದ್ವಾಂಸರು ಹೇಳಿರೋ ಟೀಕೆ ನ್ಯಾಯವಾದದ್ದು, ಮಕ್ಕಳ ಜೊತೆ ಕೂತು ಓದುವಾಗ ಆ ಮಾತು ಎತ್ತಿ.

ಕನ್ನಡದಲ್ಲೇ ಓದ್ಬೇಕು ಅಂದ್ರೆ?

ಬಾಲಮಂಗಳದ ಡಿಂಗನ್ನ ಓದಿ ಬೆಳೆದ ಪೀಳಿಗೆಗೆ ಈ ಪ್ರಶ್ನೆ ನೋವಿನದ್ದು. ಹಳೇ ಇಂದ್ರಜಾಲ, ಹಳೇ ಅಮರ ಚಿತ್ರ ಕಥೆ ಸೆಕೆಂಡ್ ಹ್ಯಾಂಡ್ ಅಂಗಡೀಲಿ ಅಪರೂಪಕ್ಕೆ ಸಿಗುತ್ತೆ, ಚಂಪಕದಂಥ ಪತ್ರಿಕೆಗಳಲ್ಲಿ ಚಿಕ್ಕ ಚಿತ್ರಕಥೆಗಳಿವೆ. ಪಕ್ಕದ ತಮಿಳಲ್ಲಿ ನೋಡಿ, ಶಿವಕಾಶಿಯ ಮುತ್ತು ಕಾಮಿಕ್ಸ್ 1972ರಿಂದ, ಲಯನ್ ಕಾಮಿಕ್ಸ್ ಆಮೇಲೆ, ಇಟಲಿಯ ಟೆಕ್ಸ್ ವಿಲ್ಲರ್ ಅವರಿಗೆ ಮನೆಮಗ. ಅಲ್ಲಿ ಓದುಗರು ಮುಂಗಡ ಚಂದಾ ಕಟ್ಟಿ ಉಳಿಸ್ಕೊಂಡ್ರು. ನಮ್ಮಲ್ಲಿ ಅಂಥ ಸಾಲು ಬೆಳೀಲಿಲ್ಲ. ಕನ್ನಡದಲ್ಲಿ ಯಾರಾದ್ರೂ ಹೊಸ ಚಿತ್ರಕಥೆ ತಂದ್ರೆ ಪಿಡಿಎಫ್ ಕೇಳ್ಬೇಡಿ, ಒಂದು ಪ್ರತಿ ಕೊಂಡ್ಕೊಳ್ಳಿ.

ಅನಿಮೆ, ಅಂದ್ರೆ ಜಪಾನಿನ ಕಾರ್ಟೂನ್, ನೋಡಿ ಆಯ್ತು, ಮಾಂಗಾನೂ ಓದ್ಬೇಕಾ?

ಅನಿಮೆ ನಿಧಾನ ಅನ್ನಿಸಿದ್ರೆ ಓದಿ. ನರುಟೊ, ವನ್ ಪೀಸ್ ಥರ ವರ್ಷಾನುಗಟ್ಲೆ ಟೀವಿಯಲ್ಲಿ ಓಡಿದ್ದರಲ್ಲಿ ಮಾಂಗಾ ಮುಂದೆ ಹೋಗ್ಲಿ ಅಂತ ಕಾಯೋಕೆ ಹಾಕಿದ ಫಿಲ್ಲರ್ ಜಾಸ್ತಿ, ಪುಸ್ತಕದಲ್ಲಿ ಅದಿಲ್ಲ. ಪುಟ ಬಲದಿಂದ ಎಡಕ್ಕೆ ಓದ್ಬೇಕು, ಒಂದು ಅಧ್ಯಾಯದಲ್ಲಿ ಅಭ್ಯಾಸ ಆಗುತ್ತೆ.

ಪ್ರಶಸ್ತಿ, ರೇಟಿಂಗ್ ನಂಬ್ಬೋದಾ?

ಸ್ಟಾರ್ ರೇಟಿಂಗ್ ಬೇಡ, ಉದ್ದ ಸೀರೀಸ್‌ನ ಕೊನೇ ವಾಲ್ಯೂಮ್‌ಗಳಿಗೆ ಯಾವಾಗ್ಲೂ ಜಾಸ್ತಿ ಸ್ಟಾರ್, ಇಷ್ಟ ಇಲ್ದೋರು ಮೊದಲೇ ಬಿಟ್ಟಿರ್ತಾರಲ್ಲ. ಅಮೆರಿಕದಲ್ಲಿ ಕಾಮಿಕ್ಸ್‌ಗೆ ಕೊಡೋ ಐಸ್ನರ್ ಪ್ರಶಸ್ತಿ ಪಟ್ಟಿ ಒಳ್ಳೆ ದಾರಿ, ಗೆದ್ದಿದ್ದು ಮಾತ್ರ ಅಲ್ಲ, ನಾಮಿನೇಟ್ ಆದ ಪಟ್ಟಿ ನೋಡಿ. ಎಲ್ಲಕ್ಕಿಂತ ನಿಮ್ಮ ರುಚಿಗೆ ಹೊಂದೋ ಒಬ್ಬ ಓದುಗ ಸ್ನೇಹಿತ ಸಿಕ್ಕಿದ್ರೆ ಬಿಡ್ಬೇಡಿ.

ಎಲ್ರೂ ಹೊಗಳೋ ವಾಚ್‌ಮೆನ್ ನನಗೆ ಹಿಡಿಸ್ಲಿಲ್ಲ, ನನ್ನಲ್ಲೇನಾದ್ರೂ ತೊಂದ್ರೆ ಇದ್ಯಾ?

ಇಲ್ಲ. 1986-87ರಲ್ಲಿ ಬಂದ 12 ಸಂಚಿಕೆ ಅದು, ಐವತ್ತು ವರ್ಷದ ಸೂಪರ್‌ಹೀರೋ ಕಥೆಗಳಿಗೆ ಕೊಟ್ಟ ಉತ್ತರ. ಪ್ರಶ್ನೆನೇ ಕೇಳಿಸ್ಕೊಳ್ದೇ ಉತ್ತರ ಓದಿದ್ರೆ ಯಾಕಿಷ್ಟು ಗದ್ದಲ ಅನ್ನಿಸೋದು ಸಹಜ. ಕೆಲವು ಮಾಮೂಲಿ ಸೂಪರ್‌ಹೀರೋ ಕಥೆ ಓದಿ ಒಂದೆರಡು ವರ್ಷ ಬಿಟ್ಟು ಮತ್ತೆ ತೆಗೀರಿ. ಮೌಸ್ ಅಥವಾ ಪರ್ಸೆಪೊಲಿಸ್‌ಗೆ ಇಂಥ ಪೂರ್ವತಯಾರಿ ಏನೂ ಬೇಡ, ಅಪ್ಪ ಮಗನ ಕಥೆ, ಅಜ್ಜಿ ಮೊಮ್ಮಗಳ ಕಥೆ, ನೇರ ಎದೆಗೆ ತಾಗುತ್ತೆ.

ಮಕ್ಕಳಿಗೆ ಯಾವುದು?

ಆರೇಳು ವರ್ಷಕ್ಕೆ ಟಿಂಕಲ್, ಡೊರೇಮಾನ್. ಎಂಟು ಒಂಬತ್ತು ದಾಟಿದ್ರೆ ಆಸ್ಟೆರಿಕ್ಸ್, ಬೋನ್, ಆರಿಸಿದ ಟಿನ್‌ಟಿನ್. ಮಾಂಗಾ ಆದ್ರೆ ಹಿಂದಿನ ಕವರಿನಲ್ಲಿ ವಯಸ್ಸಿನ ಗುರುತು ಇರುತ್ತೆ, ಕವರ್ ಮುದ್ದಾಗಿದೆ ಅಂತ ಮೋಸಹೋಗ್ಬೇಡಿ, ಆ ಗುರುತು ನೋಡಿ. ಮತ್ತೆ ಒಂದು ಮಾತು ಕೈ ಮುಗಿದು ಕೇಳ್ಕೊಳ್ತೀನಿ, "ಕಾಮಿಕ್ಸ್ ಬಿಟ್ಟು ಪುಸ್ತಕ ಓದು" ಅಂತ ಮಗುಗೆ ಹೇಳ್ಬೇಡಿ. ಮಗು ಅದೇ ಕಾಮಿಕ್ಸ್ ಹತ್ತನೇ ಸಲ ಓದ್ತಿದ್ರೆ ಆ ಸೀರೀಸ್ ಒಳ್ಳೇದು ಅಂತಲೇ ಲೆಕ್ಕ.

ದುಡ್ಡು ಜಾಸ್ತಿ ಆಗುತ್ತಲ್ಲ, ಫ್ರೀ ಸೈಟಲ್ಲಿ ಓದಿದ್ರೆ ಏನಾಗುತ್ತೆ?

ಬಿಡಿಸಿದೋರಿಗೆ ಏನೂ ಸೇರಲ್ಲ, ಅದಾಗುತ್ತೆ. ಅನುವಾದಾನೂ ಎಷ್ಟೋ ಕಡೆ ಕೆಟ್ಟದಾಗಿರುತ್ತೆ, ಒಳ್ಳೇ ಸೀರೀಸ್ ಬಗ್ಗೆ ತಪ್ಪು ಅಭಿಪ್ರಾಯ ಬರುತ್ತೆ. 2019ರಿಂದ ಮಾಂಗಾ ಪ್ಲಸ್ ಅಂತ ಪ್ರಕಾಶಕರದ್ದೇ ಆ್ಯಪ್ ಇದೆ, ಮೊದಲ ಮೂರು ಮತ್ತೆ ಇತ್ತೀಚಿನ ಮೂರು ಅಧ್ಯಾಯ ಫ್ರೀ, ರುಚಿ ನೋಡೋಕೆ ಅಷ್ಟು ಸಾಕು. ಶೋನೆನ್ ಜಂಪ್ ಆ್ಯಪ್ ಭಾರತದಲ್ಲೂ ಸಿಗುತ್ತೆ. ಮಾರ್ವೆಲ್ ಓದೋರಿಗೆ ಮಾರ್ವೆಲ್ ಅನ್‌ಲಿಮಿಟೆಡ್ ಇದೆ, ಹೊಸ ಸಂಚಿಕೆ ಮೂರು ತಿಂಗಳು ತಡವಾಗಿ ಬರುತ್ತೆ, ಹಳೇ ರನ್ ಓದೋರಿಗೆ ಅದ್ರಿಂದ ಏನೂ ನಷ್ಟ ಇಲ್ಲ. ಬೆಂಗಳೂರಲ್ಲಿದ್ರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಲ್ಲಿ ಕಾಮಿಕ್ಸ್ ಕಪಾಟಿನ ಮುಂದೆ ಆರಾಮಾಗಿ ಅರ್ಧ ದಿನ ಕಳೀಬೋದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡ್ಬೇಕು?

ವಾಲ್ಯೂಮ್ ನಂಬರ್ ಮೊದಲು. 1, 2, 5 ಸಿಕ್ತು ಅಂತ ತಗೊಂಡ್ರೆ 3 ಮತ್ತೆ 4 ಹುಡುಕೋಕೆ ಹೊಸದಕ್ಕಿಂತ ಜಾಸ್ತಿ ಖರ್ಚಾಗ್ಬೋದು, ಪ್ರಿಂಟ್ ನಿಂತಿರೋ ಸೀರೀಸ್ ಆದ್ರಂತೂ ಸಿಗೋದೇ ಇಲ್ಲ. ಒಂದೇ ಕಥೆ ಬೇರೆ ಬೇರೆ ಗಾತ್ರದಲ್ಲಿ ಬರುತ್ತೆ, ಒಂದು ಪುಸ್ತಕದಲ್ಲಿ ಎರಡು ಮೂರು ವಾಲ್ಯೂಮ್ ಸೇರಿಸಿರೋದು ಬೇರೆ, ಬಿಡಿ ವಾಲ್ಯೂಮ್ ಬೇರೆ, ಎರಡನ್ನೂ ಬೆರೆಸಿ ತಗೊಂಡ್ರೆ ಮಧ್ಯ ಕೆಲವು ಅಧ್ಯಾಯ ಎರಡೆರಡು ಸಲ ಬಂದು ಕೆಲವು ಬಿಟ್ಟೇ ಹೋಗುತ್ತೆ, ಹಾಗಾಗಿ ಒಳಗಿನ ಪುಟದಲ್ಲಿ ಯಾವ ಸಂಚಿಕೆಯಿಂದ ಯಾವ ಸಂಚಿಕೆವರೆಗೆ ಅಂತ ಬರೆದಿರ್ತಾರೆ, ಅದನ್ನ ಫೋನಲ್ಲಿ ಫೋಟೋ ತೆಕ್ಕೊಂಡು ಇಟ್ಕೊಳ್ಳಿ. ಹಳೇ ಇಂದ್ರಜಾಲ ಆದ್ರೆ ನಡುವಿನ ಪುಟ ನೋಡಿ, ಪಿನ್ ತುಕ್ಕು ಹಿಡಿದು ಆ ನಾಲ್ಕು ಪುಟ ಉದುರಿ ಹೋಗಿರೋದೇ ಜಾಸ್ತಿ.